ಲೋಹದ ಹೊಳಪು ಡಬ್ಬಿಯಲ್ಲಿಲ್ಲ: ಜೆಟ್ ಮಾದರಿಗಳ ಬರಿಲೋಹದ ಮೈ ಕುರಿತ ತಪ್ಪು ಕಲ್ಪನೆಗಳು

ಕೊರಿಯಾ ಯುದ್ಧದಲ್ಲಿ ಎದುರುಬದುರಾದ ಅಮೆರಿಕದ ಎಫ್-86 ಸೇಬರ್ ಮತ್ತು ಸೋವಿಯತ್ ಮಿಗ್-15, 1953ರಲ್ಲಿ ಮೊದಲು ಹಾರಿದ ಎಫ್-100 ಸೂಪರ್ ಸೇಬರ್, ಬ್ರಿಟನ್ನಿನ ಲೈಟ್ನಿಂಗ್, 1963ರಲ್ಲಿ ನಮ್ಮ ವಾಯುಪಡೆ ಸೇರಿದ ಮಿಗ್-21. ಈ ಜೆಟ್‌ಗಳ ಆರಂಭದ ದಿನಗಳ ಚಿತ್ರಗಳಲ್ಲಿ ಒಂದು ಸಮಾನ ಅಂಶವಿದೆ: ಬಣ್ಣವಿಲ್ಲದ ಲೋಹದ ಮೈ. ಬಣ್ಣವೆಂದರೆ ತೂಕ, ಬಣ್ಣವೆಂದರೆ ಕಾರ್ಖಾನೆಯಲ್ಲಿ ಕಳೆಯುವ ಸಮಯ. ಎತ್ತರದಲ್ಲಿ ವೇಗವಾಗಿ ಹಾರುವ ವಿಮಾನಕ್ಕೆ ಮರೆಮಾಚುವ ಹಸಿರು ಕಂದು ಬೇಕಿಲ್ಲ ಎಂದು ಆ ಕಾಲದ ವಾಯುಪಡೆಗಳು ನಂಬಿದ್ದವು.

ಪ್ಲಾಸ್ಟಿಕ್ ಕಿಟ್ ಜೋಡಿಸುವವರಿಗೆ ಈ ವಿಮಾನಗಳ ಮೇಲೆ ಆಸೆ ಎಷ್ಟಿದೆಯೋ ಅಳುಕೂ ಅಷ್ಟೇ ಇದೆ. ಪೆಟ್ಟಿಗೆ ತಂದಿಟ್ಟು ವರ್ಷಗಟ್ಟಲೆ ತೆರೆಯದವರು ಬಹಳ ಮಂದಿ. ಆ ಅಳುಕಿನ ದೊಡ್ಡ ಪಾಲು ಕೇಳಿಕೊಂಡು ಬಂದ ತಪ್ಪು ಮಾತುಗಳಿಂದ ಹುಟ್ಟಿದ್ದು. ಕೆಲಸ ನಡೆಯುವ ಕ್ರಮದಲ್ಲಿಯೇ ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಚಿತ್ರದಲ್ಲಿ ಬೆಳ್ಳಿಯಂತೆ ಕಂಡ ವಿಮಾನವೆಲ್ಲ ಬರಿಲೋಹದ್ದೇ

ವಾಸ್ತವ: ಬೆಳ್ಳಿಯಾಗಿ ಕಾಣುವ ವಿಮಾನಗಳಲ್ಲಿ ಎರಡು ಜಾತಿ. ಒಂದು ನಿಜಕ್ಕೂ ಬೆತ್ತಲೆ ಲೋಹ. ಇನ್ನೊಂದು ಅಲ್ಯೂಮಿನಿಯಂ ಪುಡಿ ಬೆರೆಸಿದ ಲ್ಯಾಕರ್ ಬಳಿದದ್ದು. ಅಮೆರಿಕದ ಎಫ್-105 ಥಂಡರ್‌ಚೀಫ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅದು ಬರಿಲೋಹದಲ್ಲೇ ಹಾರಿತು. ತೇವ ಒಳಸೇರಿ ತೊಂದರೆ ಕೊಡುತ್ತಿದ್ದುದರಿಂದ 1960ರ ದಶಕದ ಆರಂಭದಲ್ಲಿ ‘ಲುಕ್ ಅಲೈಕ್’ ಎಂಬ ಯೋಜನೆಯಡಿ ಇಡೀ ವಿಮಾನಗಳಿಗೆ ಬೆಳ್ಳಿ ಲ್ಯಾಕರ್ ಬಳಿದರು. ಬ್ರಿಟಿಷ್ ವಾಯುಪಡೆಯ ಎಷ್ಟೋ ಮೀಟಿಯರ್ ವಿಮಾನಗಳ ಬೆಳ್ಳಿಯೂ ಬಣ್ಣವೇ. ಅಮೆರಿಕದ ಮೊದಲ ಪಿ-80 ಜೆಟ್‌ಗಳಿಗೆ ಮೈ ನುಣುಪಾಗಲೆಂದು ಪುಟ್ಟಿ ತುಂಬಿ, ಉಜ್ಜಿ, ಬೂದು ಬಣ್ಣ ಹಚ್ಚಿದ್ದರು. ಬರಿಲೋಹ ಆಮೇಲೆ ಬಂತು. ಅಮೆರಿಕದ ನೌಕಾಪಡೆ 1950ರ ದಶಕದಲ್ಲಿ ಕೆಲವು ಪ್ಯಾಂಥರ್ ಜೆಟ್‌ಗಳನ್ನು ಬಣ್ಣವಿಲ್ಲದೆ ಹಾರಿಸಿ ನೋಡಿತು. ಕಡಲ ಉಪ್ಪುಗಾಳಿಗೆ ಲೋಹ ತಾಳದೆ ಆ ಪ್ರಯೋಗ ಕೈಬಿಟ್ಟರು.

ಇದು ಬರಿ ಇತಿಹಾಸದ ಮಾತಲ್ಲ, ಮೇಜಿನ ಮೇಲಿನ ಕೆಲಸವನ್ನೇ ಬದಲಿಸುವ ಸಂಗತಿ. ಲ್ಯಾಕರ್ ಬಳಿದ ವಿಮಾನದ ಮೈ ಉದ್ದಗಲಕ್ಕೂ ಒಂದೇ ಸಮ, ಹೊಳಪು ಕಡಿಮೆ. ಅದಕ್ಕೆ ಕನ್ನಡಿಯಂಥ ಮೈ ಮಾಡಿದರೆ ತಪ್ಪಾಗುತ್ತದೆ. ಬರಿಲೋಹದ ವಿಮಾನದಲ್ಲಿಯೂ ಎಲ್ಲವೂ ಲೋಹವಲ್ಲ. ರೇಡಾರ್ ಅಲೆಗಳು ಲೋಹವನ್ನು ದಾಟಲಾರವು. ಹಾಗಾಗಿ ರೇಡಾರ್ ಮುಚ್ಚುವ ಮೂತಿ ಯಾವಾಗಲೂ ಬೇರೆ ವಸ್ತುವಿನದು, ಬೇರೆ ಬಣ್ಣದ್ದು. ಮಿಗ್-21ರ ಮೂತಿಯ ಶಂಕು, ಬಾಲರೆಕ್ಕೆಯ ತುದಿ ಹಸಿರಾಗಿರುವುದು ಇದೇ ಕಾರಣಕ್ಕೆ. ಅಮೆರಿಕದ ಜೆಟ್‌ಗಳಲ್ಲಿ ಪೈಲಟ್‌ನ ಕಣ್ಣು ಕುಕ್ಕದಿರಲೆಂದು ಅವನ ಮುಂದಿನ ಭಾಗಕ್ಕೆ ಹೊಳಪಿಲ್ಲದ ಕಡುಬಣ್ಣ ಹಚ್ಚುತ್ತಿದ್ದರು.

ಹಾಗಾಗಿ ಮೊದಲ ಕೆಲಸ ಕುಂಚದ್ದಲ್ಲ, ಕಣ್ಣಿನದು. ನೀವು ಮಾಡಹೊರಟ ವಿಮಾನ ಸೇವೆಯಲ್ಲಿದ್ದ ವರ್ಷದ ಚಿತ್ರವನ್ನೇ ಹುಡುಕಿ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಂಥ ಕಡೆ ಮಿಗ್-21ನ್ನು ಹತ್ತಿರದಿಂದ ನೋಡಬಹುದು. ರಿವೆಟ್ ಸಾಲು, ಮುಚ್ಚಳಗಳ ಅಂಚು, ರೆಕ್ಕೆಯ ದಪ್ಪ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಬಯಲಲ್ಲಿ ನಿಲ್ಲಿಸಿದ ವಿಮಾನಗಳಿಗೆ ಮಳೆ ಬಿಸಿಲಿನಿಂದ ಕಾಪಾಡಲು ಮತ್ತೆ ಬಣ್ಣ ಬಳಿಯುವುದು ಎಲ್ಲ ದೇಶಗಳಲ್ಲೂ ಇರುವ ರೂಢಿ. ಬಣ್ಣದ ವಿಷಯಕ್ಕೆ ಹಳೆಯ ಚಿತ್ರವೇ ಸಾಕ್ಷಿ.

ತಪ್ಪು ಕಲ್ಪನೆ 2: ದುಬಾರಿ ಲೋಹಬಣ್ಣ ತಂದರೆ ಉಳಿದದ್ದು ತಾನಾಗಿ ಆಗುತ್ತದೆ

ವಾಸ್ತವ: ಈ ಕೆಲಸದಲ್ಲಿ ಗೆಲ್ಲುವುದೂ ಸೋಲುವುದೂ ಬಣ್ಣ ಹಚ್ಚುವ ಮುಂಚೆಯೇ. ಹಸಿರು ಕಂದು ಬಣ್ಣ ಸಣ್ಣಪುಟ್ಟ ಗೀರುಗಳನ್ನು ಮುಚ್ಚಿಕೊಳ್ಳುತ್ತದೆ. ಲೋಹಬಣ್ಣ ಅತ್ಯಂತ ತೆಳು. ಅದು ಏನನ್ನೂ ಮುಚ್ಚದೆ ಪ್ರತಿ ಗೀರಿನ ಅಂಚಿನಲ್ಲೂ ಬೆಳಕು ಹಿಡಿದು ಎತ್ತಿ ತೋರಿಸುತ್ತದೆ.

ಕಿಟ್‌ನ ಭಾಗಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯಂಥ ಪದಾರ್ಥ ಅಂಟಿಕೊಂಡಿರಬಹುದು. ಜೋಡಿಸಿದ ಮೇಲೆ ಸಂದುಗಳನ್ನು ತುಂಬುವಾಗ ಮೆತ್ತನೆಯ ಪುಟ್ಟಿಗಿಂತ ಸೂಪರ್ ಗ್ಲೂ ಮೇಲು. ಪುಟ್ಟಿ ಬಣ್ಣವನ್ನು ಬೇರೆ ರೀತಿ ಹೀರಿಕೊಂಡು, ಹಚ್ಚಿದ ಮೇಲೆ ಮಬ್ಬು ಪಟ್ಟೆಯಾಗಿ ಕಾಣುತ್ತದೆ. ಸೂಪರ್ ಗ್ಲೂ ಹೀರುವುದಿಲ್ಲ. ಆದರೆ ದಿನ ಕಳೆದಂತೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುವುದರಿಂದ ಒಣಗಿದ ಕೂಡಲೇ ಉಜ್ಜಿಬಿಡಬೇಕು.

ಉಜ್ಜುವುದಕ್ಕೆ ಎಮರಿ ಪೇಪರ್‌ನ ಕ್ರಮ ತಪ್ಪಿಸಬಾರದು: 400, 600, 1000, 2000, ಆಮೇಲೆ ಇನ್ನೂ ನಯವಾದ ಪಾಲಿಶ್ ಬಟ್ಟೆಗಳು, ಎಲ್ಲವನ್ನೂ ನೀರು ಮುಟ್ಟಿಸಿ. 400ರ ಗೀರನ್ನು 600 ತೆಗೆಯುತ್ತದೆ, 600ರದನ್ನು 1000. ನಡುವೆ ಒಂದನ್ನು ಹಾರಿಸಿದರೆ ಆ ಗೀರು ಬೆಳ್ಳಿಯ ಕೆಳಗಿಂದ ಎದ್ದುಬರುತ್ತದೆ. ಉಜ್ಜುವಾಗ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಮತ್ತೆ ಕೊರೆಯಬೇಕು. ಆಮೇಲೆ ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಲೋಹಬಣ್ಣದ ಕೆಳಗೆ ಬೆರಳಚ್ಚಾಗಿಯೇ ಉಳಿಯುತ್ತದೆ.

ತಪ್ಪು ಕಲ್ಪನೆ 3: ಬೆಳ್ಳಿ ಬಣ್ಣ ಯಾವುದಾದರೇನು, ಎಲ್ಲ ಒಂದೇ

ವಾಸ್ತವ: ಲೋಹಬಣ್ಣದಲ್ಲಿ ಇರುವುದು ಸೂಕ್ಷ್ಮ ಅಲ್ಯೂಮಿನಿಯಂ ಚಕ್ಕೆಗಳು. ಆ ಚಕ್ಕೆಯ ಗಾತ್ರವೇ ಇಲ್ಲಿ ನಿರ್ಣಾಯಕ. ಒಂದು ಲೆಕ್ಕ ನೋಡಿ: ಚಕ್ಕೆ 50 ಮೈಕ್ರಾನ್ ಅಗಲವಿದ್ದರೆ, 1/72 ಪ್ರಮಾಣದ ಮಾದರಿಯಲ್ಲಿ ಅದು ನಿಜವಾದ ವಿಮಾನದ 3.6 ಮಿಲಿಮೀಟರಿಗೆ ಸಮ. ಅಂಥ ಮಿನುಗುಗಳು ಯಾವ ವಿಮಾನದ ಮೇಲೂ ಇಲ್ಲ. ಗೇಟಿಗೆ ಬಳಿಯುವ ಬೆಳ್ಳಿ ಬಣ್ಣ ಮಾದರಿಯ ಮೇಲೆ ಆಟಿಕೆಯಂತೆ ಕಾಣುವುದು ಈ ಕಾರಣಕ್ಕೆ.

ಮಾದರಿಗಾಗಿಯೇ ಮಾಡಿದ ಬಣ್ಣಗಳಲ್ಲಿ ಚಕ್ಕೆ ಬಹಳ ಸಣ್ಣದು. ಆಲ್‌ಕ್ಲ್ಯಾಡ್ 2 ಲ್ಯಾಕರ್ ಜಾತಿಯದು, ಏರ್‌ಬ್ರಷ್‌ಗೆಂದೇ ತೆಳುವಾಗಿ ಬರುತ್ತದೆ. ವ್ಯಾಲೆಹೋ ಮೆಟಲ್ ಕಲರ್ ಅಕ್ರಿಲಿಕ್. ಹಂಬ್ರಾಲ್ ಮೆಟಲ್‌ಕೋಟ್ ಒಣಗಿದ ಮೇಲೆ ಬಟ್ಟೆಯಿಂದ ತಿಕ್ಕಿದರೆ ಹೊಳೆಯುವಂಥದು. ಒಂದು ವಿಮಾನಕ್ಕೆ ಇವುಗಳಲ್ಲಿ ಒಂದನ್ನೇ ಹಿಡಿದು ಕಲಿಯುವುದು ಲೇಸು. ಪ್ರತಿಯೊಂದರ ದ್ರಾವಕ, ಒಣಗುವ ಹೊತ್ತು, ಗಟ್ಟಿತನ ಬೇರೆ ಬೇರೆ.

ತಪ್ಪು ಕಲ್ಪನೆ 4: ತಳಕ್ಕೆ ಹೊಳಪಿನ ಕಪ್ಪು ಬಣ್ಣ ಕಡ್ಡಾಯ, ಮೇಲೆ ಹೆಚ್ಚು ಬಳಿದಷ್ಟೂ ಹೊಳಪು ಹೆಚ್ಚು

ವಾಸ್ತವ: ಹೊಳಪಿನ ಕಪ್ಪು ತಳ ಬೇಕಾಗುವುದು ಕನ್ನಡಿಯಂಥ ಹೊಳಪಿಗೆ, ಪಾಲಿಶ್ ಮಾಡಿದ ಅಲ್ಯೂಮಿನಿಯಂ, ಕ್ರೋಮ್ ಇಂಥ ಛಾಯೆಗಳಿಗೆ. ಸೇವೆಯಲ್ಲಿದ್ದ ಬಹುಪಾಲು ಜೆಟ್‌ಗಳ ಮೈ ಅಷ್ಟು ಹೊಳೆಯುತ್ತಿರಲಿಲ್ಲ. ಸಾಧಾರಣ ಅಲ್ಯೂಮಿನಿಯಂ, ಡ್ಯುರಾಲುಮಿನ್ ಛಾಯೆಗಳು ನಯವಾದ ಬೂದು ಪ್ರೈಮರ್ ಮೇಲೂ ಚೆನ್ನಾಗಿ ಕೂರುತ್ತವೆ. ತಳದ ಬಣ್ಣ ಬದಲಿಸಿದರೆ ಮೇಲಿನ ಲೋಹದ ಛಾಯೆಯೂ ಬದಲಾಗುತ್ತದೆ: ಕಪ್ಪಿನ ಮೇಲೆ ಗಾಢ, ಬೂದಿನ ಮೇಲೆ ತಿಳಿ.

ತಳ ಯಾವುದೇ ಇರಲಿ, ಅದು ಪೂರ್ತಿ ಗಟ್ಟಿಯಾಗಿರಬೇಕು. ಒಂದೆರಡು ದಿನ ಬಿಟ್ಟು, ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು ಕಂಡರೆ ಉಜ್ಜಿ ಸಮ ಮಾಡಿ ಮುಂದುವರಿಯಬೇಕು. ಹಸಿ ತಳದ ಮೇಲೆ ಲ್ಯಾಕರ್ ಬಿದ್ದರೆ ಬಿರುಕು ಬಿಡುತ್ತದೆ.

ಹೊಳಪು ಬರುವುದು ಚಕ್ಕೆಗಳು ತಳದ ಮೇಲೆ ಚಪ್ಪಟೆಯಾಗಿ ಮಲಗಿದಾಗ. ಏರ್‌ಬ್ರಷ್‌ನ ಒತ್ತಡ 12ರಿಂದ 15 ಪಿಎಸ್‌ಐ, ದೂರ ಐದಾರು ಸೆಂಟಿಮೀಟರ್, ಪದರ ಮಂಜಿನಷ್ಟು ತೆಳು. ಕಪ್ಪು ಇನ್ನೇನು ಮರೆಯಾಯಿತು ಎನ್ನುವಾಗ ನಿಲ್ಲಿಸಬೇಕು. ಅದರಾಚೆಗೆ ಬಳಿದರೆ ಚಕ್ಕೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಕ್ರೋಮ್ ಕೂಡ ಬೂದು ಬಣ್ಣಕ್ಕೆ ತಿರುಗುತ್ತದೆ. ಕರಾವಳಿಯಲ್ಲಿರುವವರಿಗೆ ಒಂದು ಮಾತು: ಆಷಾಢದ ಮಳೆಯಲ್ಲಿ ಗಾಳಿಯ ತೇವ ಲ್ಯಾಕರ್ ಮೇಲೆ ಕೂತು ಬಿಳಿ ಮಬ್ಬು ಹಿಡಿಯುತ್ತದೆ. ಮಂಗಳೂರು, ಕಾರವಾರದವರು ಒಣಹವೆಯ ದಿನ ನೋಡಿ ಈ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ 5: ಪ್ರತಿ ಪ್ಯಾನೆಲ್ಲಿಗೂ ಬೇರೆ ಬೇರೆ ಬೆಳ್ಳಿ ಹಚ್ಚಿದರೇ ನಿಜದಂತೆ ಕಾಣುತ್ತದೆ

ವಾಸ್ತವ: ಹಳೆಯ ಚಿತ್ರಗಳಲ್ಲಿ ಒಂದು ಪ್ಯಾನೆಲ್ ಬೆಳ್ಳಗೆ, ಪಕ್ಕದ್ದು ಕಪ್ಪಗೆ ಕಾಣುವುದು ನಿಜ. ಆದರೆ ಬಹಳಷ್ಟು ಕಡೆ ಎರಡೂ ಒಂದೇ ಲೋಹ. ಅಡುಗೆಮನೆಯ ಸ್ಟೀಲ್ ತಟ್ಟೆಯನ್ನು ಕಿಟಕಿಯ ಬಳಿ ಹಿಡಿದು ಮೆಲ್ಲನೆ ತಿರುಗಿಸಿ: ಅದೇ ತಟ್ಟೆ ಬೆಳ್ಳಗಾಗುತ್ತದೆ, ಕಪ್ಪಾಗುತ್ತದೆ. ವಿಮಾನದ ತಗಡೂ ಹಾಗೆಯೇ. ರೋಲರ್‌ಗಳ ನಡುವೆ ಒತ್ತಿ ತಯಾರಿಸಿದ ತಗಡಿಗೆ ಒಂದು ದಿಕ್ಕಿನ ಎಳೆಯಿರುತ್ತದೆ. ಅಕ್ಕಪಕ್ಕದ ಎರಡು ತಗಡುಗಳನ್ನು ಬೇರೆ ದಿಕ್ಕಿನಲ್ಲಿ ಕತ್ತರಿಸಿ ಕೂರಿಸಿದ್ದರೆ ಬೆಳಕು ಬಿದ್ದಾಗ ಎರಡಾಗಿ ಕಾಣುತ್ತವೆ. ನೋಡುವವರು ನಾಲ್ಕು ಹೆಜ್ಜೆ ಸರಿದರೆ ಬೆಳಕು ನೆರಳು ಅದಲುಬದಲಾಗುತ್ತವೆ. ಈ ಆಟವನ್ನು ಬಣ್ಣದಲ್ಲಿ ಸ್ಥಿರವಾಗಿ ಬಳಿದಿಟ್ಟರೆ ವಿಮಾನ ತೇಪೆ ಹಾಕಿದ ಚೌಕಳಿಯಾಗುತ್ತದೆ.

ಮಾದರಿಯ ಮೈ ನಯವಾಗಿದ್ದರೆ ಬೆಳಕು ಈ ಕೆಲಸದ ಅರ್ಧವನ್ನು ತಾನೇ ಮಾಡಿಕೊಡುತ್ತದೆ. ನಿಜಕ್ಕೂ ಬೇರೆ ಛಾಯೆ ಬೇಕಾದ ಜಾಗಗಳು ಕೆಲವೇ. 1920ರ ದಶಕದಲ್ಲಿ ಅಮೆರಿಕದ ಆಲ್ಕೋವಾ ಸಂಸ್ಥೆ ರೂಪಿಸಿದ ಆಲ್‌ಕ್ಲ್ಯಾಡ್ ತಗಡಿನಲ್ಲಿ ಗಟ್ಟಿ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವಿರುತ್ತದೆ. ತುಕ್ಕು ತಡೆಯುವುದೂ ಹೊಳೆಯುವುದೂ ಆ ಪದರವೇ. ಅಂಥ ಹೊದಿಕೆಯಿಲ್ಲದ ಮಿಶ್ರಲೋಹ, ಎರಕದ ಭಾಗಗಳು, ಮೆಗ್ನೀಸಿಯಂ ತಗಡುಗಳು ಮಂಕಾಗಿರುತ್ತವೆ. ದುರಸ್ತಿಯಲ್ಲಿ ಬದಲಿಸಿದ ಮುಚ್ಚಳ ಉಳಿದ ಮೈಗಿಂತ ಹೊಸದಾಗಿ ಕಾಣುತ್ತದೆ. ಇಂಜಿನ್ ಸುತ್ತ ಟೈಟಾನಿಯಂ, ಉಕ್ಕು ಇರುತ್ತದೆ. ಚಿತ್ರದಲ್ಲಿ ಖಚಿತವಾಗಿ ಕಂಡ ಐದಾರು ಪ್ಯಾನೆಲ್‌ಗಳನ್ನು ಮಾತ್ರ ಪಟ್ಟಿ ಕಟ್ಟಿ, ಮೂಲ ಛಾಯೆಗೆ ಒಂದೆರಡು ಮೆಟ್ಟಿಲು ಹತ್ತಿರದ ಬಣ್ಣ ಕೊಟ್ಟರೆ ಸಾಕು.

ಇದಕ್ಕೆ ಅಂಟುಟೇಪ್ ಹಚ್ಚಲೇಬೇಕಾಗುತ್ತದೆ. ಕೆಳಗಿನ ಪದರ ಪೂರ್ತಿ ಒಣಗುವವರೆಗೆ ಕಾದು, ಟೇಪನ್ನು ಮೊದಲು ಅಂಗೈಗೆ ಒಂದೆರಡು ಸಲ ಅಂಟಿಸಿ ಅದರ ಹಿಡಿತ ತಗ್ಗಿಸಿಕೊಂಡರೆ ಬಣ್ಣ ಕಿತ್ತುಬರುವುದಿಲ್ಲ. ಬಿಡಿಸುವಾಗ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಬಿಡಿಸಬೇಕು.

ತಪ್ಪು ಕಲ್ಪನೆ 6: ಜೆಟ್ ಅಂದಮೇಲೆ ಬಾಲವೆಲ್ಲ ನೀಲಿ ನೇರಳೆಯಾಗಿ ಸುಟ್ಟಿರಬೇಕು

ವಾಸ್ತವ: ಕಾವಿಗೆ ಬಣ್ಣ ತಿರುಗುವುದು ಉಕ್ಕು ಮತ್ತು ಟೈಟಾನಿಯಂ. ಬಿಸಿಯಾದಾಗ ಅವುಗಳ ಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆ ಬೆಳೆಯುತ್ತದೆ. ಅದರ ಮೇಲಿಂದಲೂ ಕೆಳಗಿಂದಲೂ ಮರಳುವ ಬೆಳಕಿನ ಅಲೆಗಳು ಬೆರೆತು ಬಣ್ಣ ಹುಟ್ಟುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಬದಲು. ಉಕ್ಕಿನಲ್ಲಿ ಸುಮಾರು 220-230 ಡಿಗ್ರಿ ಸೆಲ್ಸಿಯಸ್‌ಗೆ ತಿಳಿ ಹುಲ್ಲುಬಣ್ಣ, ಮುಂದೆ ಕಂದು, ಸುಮಾರು 280ಕ್ಕೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಅಲ್ಯೂಮಿನಿಯಂ ಈ ಬಣ್ಣಗಳನ್ನು ತೋರಿಸುವುದೇ ಇಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ನೀಲಿ ನೇರಳೆ ಊದಿದರೆ ಲೋಹದ ಗುಣಕ್ಕೇ ವಿರುದ್ಧವಾಗುತ್ತದೆ.

ಎಫ್-100ರ ಹಿಂಬದಿ ಇದಕ್ಕೆ ಪಠ್ಯಪುಸ್ತಕದಂತಿದೆ. ಅಲ್ಲಿ ಇಂಜಿನ್ ಸುತ್ತುವರಿದ ಟೈಟಾನಿಯಂ, ಉಕ್ಕಿನ ಭಾಗಗಳು ಹುಲ್ಲುಬಣ್ಣ, ಕಂದು, ನೇರಳೆ, ನೀಲಿಗೆ ತಿರುಗುತ್ತಿದ್ದವು. ಮುಂದಿನ ಅಲ್ಯೂಮಿನಿಯಂ ಒಡಲು ಬೆಳ್ಳಗೇ ಉಳಿಯುತ್ತಿತ್ತು. ಎರಡು ಲೋಹಗಳು ಸೇರುವ ಗೆರೆಯಲ್ಲಿ ಬಣ್ಣ ಕತ್ತರಿಸಿದಂತೆ ನಿಲ್ಲುತ್ತದೆ. ಮಾದರಿಯಲ್ಲಿ ಆ ಗೆರೆಗೆ ಟೇಪ್ ಹಚ್ಚಿ, ಮೊದಲು ಗಾಢ ಲೋಹದ ತಳ ಕೊಟ್ಟು, ಮೇಲೆ ಪಾರದರ್ಶಕ ಹಳದಿ, ಕಂದು, ನೀಲಿಗಳನ್ನು ಬಹಳ ತೆಳುವಾಗಿ ಊದಬೇಕು. ಹೆಚ್ಚು ಬಿಸಿಯಾದ ಕಡೆ ನೀಲಿ, ಅದರಿಂದ ದೂರ ಸರಿದಂತೆ ನೇರಳೆ, ಕಂದು, ಕೊನೆಗೆ ಹುಲ್ಲುಬಣ್ಣ. ಈ ಕ್ರಮ ತಲೆಕೆಳಗಾದರೆ ಕಣ್ಣಿಗೆ ಚೆಂದ ಕಂಡರೂ ಅದು ಸುಟ್ಟ ಲೋಹವಾಗುವುದಿಲ್ಲ.

ತಪ್ಪು ಕಲ್ಪನೆ 7: ಕೊನೆಗೆ ಎಲ್ಲದರ ಮೇಲೂ ವಾರ್ನಿಷ್ ಬಳಿಯಲೇಬೇಕು

ವಾಸ್ತವ: ಪಾರದರ್ಶಕ ಪದರ ಬಿದ್ದೊಡನೆ ಚಕ್ಕೆಯಿಂದ ನೇರ ಮರಳುತ್ತಿದ್ದ ಬೆಳಕಿಗೆ ಇನ್ನೊಂದು ಮೈ ಅಡ್ಡ ಬರುತ್ತದೆ. ಲೋಹ ಹೋಗಿ ಬೂದು ಬೆಳ್ಳಿ ಬಣ್ಣ ಉಳಿಯುತ್ತದೆ. ಗಟ್ಟಿಯಾಗಿ ಒಣಗುವ ಲ್ಯಾಕರ್ ಜಾತಿಯ ಲೋಹಬಣ್ಣಕ್ಕೆ ವಾರ್ನಿಷ್ ಅಗತ್ಯವಿಲ್ಲ. ಅದರ ನಯವಾದ ಮೈ ಮೇಲೆ ಡೆಕಾಲ್‌ಗಳನ್ನು ನೇರವಾಗಿ ಕೂರಿಸಬಹುದು. ಡೆಕಾಲ್ ಸುತ್ತಲಿನ ಪಾರದರ್ಶಕ ಅಂಚು ಬರಿಲೋಹದ ಮೇಲೆ ಬೇರೆ ಬಣ್ಣಗಳ ಮೇಲಿಗಿಂತ ಹೆಚ್ಚು ಎದ್ದು ಕಾಣುವುದರಿಂದ ಅದನ್ನು ಚೂಪಾದ ಬ್ಲೇಡಿನಿಂದ ಗುರುತಿನ ಅಂಚಿನವರೆಗೂ ಕತ್ತರಿಸಿ ತೆಗೆಯಿರಿ. ಡೆಕಾಲ್ ಮೆತ್ತಗಾಗಿಸುವ ದ್ರವ ಕೆಲವು ಲೋಹಬಣ್ಣಗಳಿಗೆ ಕಲೆ ಮಾಡುತ್ತದೆ. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ತಿಕ್ಕಿ ಹೊಳೆಯಿಸುವ ಜಾತಿಯ ಮೆತ್ತನೆ ಬಣ್ಣಗಳಿಗೆ, ಕೈಯಲ್ಲಿ ಆಗಾಗ ಹಿಡಿಯುವ ಮಾದರಿಗಳಿಗೆ ರಕ್ಷಣೆ ಬೇಕಾಗಬಹುದು. ಸೋವಿಯತ್ ಮಿಗ್-15ರಂಥ ವಿಮಾನಗಳ ಲೋಹಕ್ಕೆ ಕಾರ್ಖಾನೆಯಲ್ಲೇ ಪಾರದರ್ಶಕ ಲ್ಯಾಕರ್ ಬಳಿಯುತ್ತಿದ್ದರು. ಅಲ್ಲಿ ತುಸು ಮಂದವಾದ ಹೊಳಪು ಸತ್ಯಕ್ಕೇ ಹತ್ತಿರ. ವಾರ್ನಿಷ್ ಬೇಕೋ ಬೇಡವೋ ಎಂಬುದನ್ನು ವಿಮಾನವೂ ಬಣ್ಣದ ಜಾತಿಯೂ ನಿರ್ಧರಿಸಲಿ.

ತಪ್ಪು ಕಲ್ಪನೆ 8: ಗೆರೆಗಳಿಗೆಲ್ಲ ಕಪ್ಪು ತುಂಬಿದರೆ ವಿಮಾನಕ್ಕೆ ಜೀವ ಬರುತ್ತದೆ

ವಾಸ್ತವ: ಎರಡು ತಗಡುಗಳ ನಡುವಿನ 1 ಮಿಲಿಮೀಟರ್ ಸಂದು 1/72ರಲ್ಲಿ ಕೂದಲೆಳೆಗಿಂತ ತೆಳು. ಬೆಳ್ಳಿಯ ಮೇಲೆ ಅಚ್ಚಕಪ್ಪು ಗೆರೆ ಎಳೆದರೆ ವಿಮಾನ ನಕಾಶೆಯಂತೆ ಕಾಣುತ್ತದೆ. ಬೂದುಗಂದು ಬಣ್ಣವನ್ನು ತೆಳು ಮಾಡಿ ಹರಿಸಿ, ಹೆಚ್ಚಾದದ್ದನ್ನು ಒರೆಸಿದರೆ ಸಾಕು. ರೆಕ್ಕೆಯ ಚಲಿಸುವ ಭಾಗಗಳ ಸಂದಿಗೆ ಮಾತ್ರ ತುಸು ಗಾಢ. ಎನಾಮೆಲ್ ಮೂಲದ ಲೋಹಬಣ್ಣದ ಮೇಲೆ ಎನಾಮೆಲ್ ವಾಶ್ ಹಾಕಬೇಡಿ, ಕೆಳಗಿನ ಬಣ್ಣವೇ ಕರಗುತ್ತದೆ. ಇನ್ನು ಬಣ್ಣ ಉದುರಿದ ಗುರುತುಗಳು ಬರುವುದು ಬಣ್ಣ ಇದ್ದ ಕಡೆ ಮಾತ್ರ: ಪೈಲಟ್‌ನ ಮುಂದಿನ ಕಡುಬಣ್ಣದ ಪಟ್ಟಿ, ಮೂತಿ, ದಳದ ಗುರುತುಗಳು. ಬರಿಲೋಹದ ಮೇಲೆ ಉದುರಲು ಏನೂ ಇಲ್ಲ.

ತಪ್ಪು ಕಲ್ಪನೆ 9: ಏರ್‌ಬ್ರಷ್ ಇಲ್ಲದವರಿಗೆ ಇದು ಸಾಧ್ಯವೇ ಇಲ್ಲ

ವಾಸ್ತವ: ಏರ್‌ಬ್ರಷ್ ಇದ್ದರೆ ಸುಲಭ, ನಿಜ. ಆದರೆ ತಮಿಯಾ ಕಂಪನಿಯ ಎಎಸ್-12 ಎಂಬ ಬೆಳ್ಳಿ ಸ್ಪ್ರೇ ಡಬ್ಬಿಯಿಂದಲೇ ಅನೇಕರು ಅಂದವಾದ ಸೇಬರ್‌ಗಳನ್ನು ಮಾಡಿದ್ದಾರೆ. ಡಬ್ಬಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ತುಸು ಹೊತ್ತು ಇಟ್ಟರೆ ಬಣ್ಣ ನುಣ್ಣಗೆ ಹೊರಡುತ್ತದೆ. ಬಿಸಿನೀರು ಮಾತ್ರ ಅಪಾಯ.

ಲೋಹವನ್ನೇ ಹೊದಿಸುವ ದಾರಿಯೂ ಇದೆ. ಹಿಂದೆ ಅಂಟಿರುವ ಅತಿ ತೆಳು ಅಲ್ಯೂಮಿನಿಯಂ ಹಾಳೆ ಬೇರ್ ಮೆಟಲ್ ಫಾಯಿಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ರೊಟ್ಟಿ ಚಪಾತಿ ಸುತ್ತುವ ಫಾಯಿಲ್ಲಿಗೆ ತೆಳುವಾಗಿ ಅಂಟು ಸವರಿ ಬಳಸುವವರೂ ಉಂಟು. ಒಂದೊಂದು ಪ್ಯಾನೆಲ್ಲಿಗೆ ಒಂದೊಂದು ತುಂಡು ಕೂರಿಸಿ, ಹತ್ತಿಯ ಕಡ್ಡಿಯಿಂದ ಒತ್ತಿ, ಗೆರೆಯ ಗುಂಟ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ತಗಡಿನ ಎಳೆಯ ದಿಕ್ಕನ್ನು ತೋರಿಸಲು ಇದಕ್ಕಿಂತ ನಿಷ್ಠವಾದ ವಿಧಾನವಿಲ್ಲ: ತುಂಡನ್ನು ಬೇರೆ ದಿಕ್ಕಿಗೆ ತಿರುಗಿಸಿ ಅಂಟಿಸಿದರೆ ನಿಜವಾದ ವಿಮಾನದಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಮೂತಿಯಂಥ ಎರಡೂ ಕಡೆ ಬಾಗಿದ ಜಾಗದಲ್ಲಿ ಸುಕ್ಕು ಬೀಳುವುದರಿಂದ ಅಲ್ಲಿ ಸಣ್ಣ ತುಂಡುಗಳು ಬೇಕು, ತಾಳ್ಮೆಯೂ ಬೇಕು.

ತಪ್ಪು ಕಲ್ಪನೆ 10: ನೀರಿನ ಬಣ್ಣವಾದರೆ ಮಾಸ್ಕ್ ಬೇಡ

ವಾಸ್ತವ: ಅಕ್ರಿಲಿಕ್ ಆದರೂ ಏರ್‌ಬ್ರಷ್‌ನಿಂದ ಹೊರಟದ್ದು ಲೋಹದ ಚಕ್ಕೆ, ಪ್ಲಾಸ್ಟಿಕ್ ಕಣಗಳ ಮಂಜು. ಅದು ಶ್ವಾಸಕೋಶಕ್ಕೆ ಹೋಗಬಾರದು. ಲ್ಯಾಕರ್ ಆದರೆ ದ್ರಾವಕದ ಆವಿಯೂ ಸೇರುತ್ತದೆ, ಬೆಂಕಿಯ ಭಯವೂ ಇರುತ್ತದೆ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್, ಗಾಳಿ ಹೊರಗೆಳೆಯುವ ಫ್ಯಾನ್, ತೆರೆದ ಕಿಟಕಿ ಬೇಕೇ ಬೇಕು. ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಕೂಡದು.

ತಪ್ಪು ಕಲ್ಪನೆ 11: ಇದು ಪಳಗಿದವರ ಕೆಲಸ, ಹೊಸಬರು ದೂರ ಇರುವುದು ವಾಸಿ

ವಾಸ್ತವ: ಎರಡು ಮೂರು ಬಣ್ಣದ ಮರೆಮಾಚು ವಿನ್ಯಾಸಕ್ಕೆ ಬೇಕಾದ ಕೈಚಳಕ ಬರಿಲೋಹಕ್ಕೆ ಬೇಡ. ಇಲ್ಲಿ ಬಹುತೇಕ ಒಂದೇ ಬಣ್ಣ. ಬೇಕಾಗಿರುವುದು ಉಜ್ಜುವ ತಾಳ್ಮೆ, ಒಣಗುವವರೆಗೆ ಕಾಯುವ ಸಂಯಮ, ಚಿತ್ರವನ್ನು ಸರಿಯಾಗಿ ನೋಡುವ ಅಭ್ಯಾಸ. ಈ ಮೂರೂ ಹೊಸಬರ ಕೈಗೆಟಕುವಂಥವೇ.

ಮೊದಲ ಪ್ರಯತ್ನಕ್ಕೆ ಮಿಗ್-15 ಬಲು ಒಳ್ಳೆಯ ಆಯ್ಕೆ. ಪುಟ್ಟ ವಿಮಾನ, ದುಂಡು ಒಡಲು, ಕಡಿಮೆ ಭಾಗಗಳು, ಬಾಲದಲ್ಲಿ ಎಫ್-100ರಂಥ ಕಾವಿನ ಬಣ್ಣದ ಗೋಜಿಲ್ಲ, ಮಂದ ಹೊಳಪೇ ಅದಕ್ಕೆ ಸರಿ. ಕಿಟ್ ಮುಟ್ಟುವ ಮೊದಲು ಐಸ್‌ಕ್ರೀಮ್ ತಿನ್ನುವ ಪ್ಲಾಸ್ಟಿಕ್ ಚಮಚಗಳನ್ನು ತೆಗೆದುಕೊಳ್ಳಿ. ಒಂದನ್ನು ಹಾಗೇ ಬಿಡಿ, ಒಂದನ್ನು 600ರವರೆಗೆ ಉಜ್ಜಿ, ಇನ್ನೊಂದನ್ನು 2000 ದಾಟಿಸಿ. ಮೂರಕ್ಕೂ ಒಂದೇ ತಳ, ಒಂದೇ ಲೋಹಬಣ್ಣ ಹಚ್ಚಿ. ಒಣಗಿದ ಮೇಲೆ ಮೂರನ್ನೂ ಸಾಲಾಗಿಟ್ಟು ನೋಡಿದರೆ, ಒಂದೇ ಡಬ್ಬಿಯ ಬಣ್ಣ ಮೂರು ಬೇರೆ ಲೋಹಗಳಾಗಿರುತ್ತದೆ. ಆ ಮೂರರಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿಕೊಂಡು, ಅಷ್ಟೇ ಉಜ್ಜುವಿಕೆಯನ್ನು ವಿಮಾನಕ್ಕೂ ಕೊಡಿ. ವರ್ಷಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆ ತೆರೆಯಲು ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ.